ಕೊನೆಯ ಸೈಕಲ್ಲಿನ ಹಿಂದೆ ಬಂದ ನಾಯಿ

ಜಾಥಾಗಳಲ್ಲಿ ಹಿಂದೆ ಉಳಿದವರನ್ನು ಕರೆತರುವುದು ನನ್ನ ಕೆಲಸ, ಕಥೆ ಹೇಳಿ ನನಗೆ ಅಭ್ಯಾಸವಿಲ್ಲ, ತಪ್ಪಿದರೆ ಮನ್ನಿಸಿ. ನೂರಾರು ಸೈಕಲ್ಲುಗಳ ಜಾಥಾದಲ್ಲಿ ಹಳೆಯದೊಂದು ಸೈಕಲ್ಲು ಹಿಂದೆ ಬಿದ್ದಿತ್ತು, ಅಂದರೆ ಎಲ್ಲಕ್ಕಿಂತ ಕೊನೆಯಲ್ಲಿತ್ತು. ದಾರಿ ಕವಲೊಡೆಯುವಲ್ಲಿ ನೆಟ್ಟಿದ್ದ ಬಾಣದ ಹಲಗೆಯನ್ನು ಆಯೋಜಕರು ಆಗಲೇ ಕಿತ್ತೊಯ್ದಿದ್ದರು. ಇಷ್ಟು ದೂರ ಬಂದೂ ಗುರಿ ಮುಟ್ಟದೆ ಹೋಗುವೆನೇನೋ ಎಂದು ಸೈಕಲ್ಲಿಗೆ ಅಳುಕಾಯಿತು. ಅಷ್ಟರಲ್ಲಿ ಕುರಿಮಂದೆಯೊಂದು ಬಂತು, ಅದರ ಹಿಂದೆ ಕಾವಲಿನ ನಾಯಿ.

"ನಾಯಣ್ಣಾ, ನಮ್ಮವರು ಯಾವ ಕಡೆ ಹೋದರು?"

"ಎಡಕ್ಕೆ. ನಾವೂ ಅತ್ತಲೇ. ನಿನ್ನ ಹಿಂದೆ ಯಾರಿದ್ದಾರೆ?"

"ಯಾರೂ ಇಲ್ಲ. ಆಯೋಜಕರೆಲ್ಲ ಜೀಪಿನಲ್ಲಿ ಮುಂದೆ ಹೋದರು."

"ಮೈಮೇಲೆ ಇಷ್ಟು ದೊಡ್ಡ ನಂಬರು ಕಟ್ಟಿದ್ದಾರೆ, ಎಣಿಸುವವರೇ ಇಲ್ಲವೇ?" ನಾಯಿ ನಕ್ಕಿತು. "ನಮ್ಮಲ್ಲಿ ಕುಂಟುವ ಕುರಿ ಬಂದು ಸೇರುವ ತನಕ ಮಂದೆ ಬಂತು ಎನ್ನುವುದಿಲ್ಲ. ನಡಿ ತಮ್ಮಾ, ನಿನ್ನ ಹಿಂದೆ ನಾನಿದ್ದೇನೆ."

ಗುರಿಯಲ್ಲಿ ಆಯೋಜಕರು ಬ್ಯಾನರು ಬಿಚ್ಚುತ್ತಿದ್ದರು. ಮಂದೆ ರಸ್ತೆ ತುಂಬಿ ಬಂದದ್ದು ನೋಡಿ ಹಗ್ಗ ಹಿಡಿದೇ ನಿಂತರು. ಕುರಿಗಳ ನಡುವೆ ಸೈಕಲ್ಲು ಗೆರೆ ದಾಟಿತು. ಅದು ದಾಟಿದ ಮೇಲೆಯೇ ನಾಯಿ ದಾಟಿತು.

ಇದರ ನೀತಿ ಏನೆಂದರೆ, ಮುಂದೆ ಹೋಗುವವನು ದೊಡ್ಡವನಲ್ಲ, ಹಾಗೆಂದು ಮುಂದೆ ಹೋಗಲೇಬಾರದು ಎಂದಲ್ಲ, ಆದರೆ... ತಾಳಿ, ನನ್ನನ್ನು ಕರೆಯುತ್ತಿದ್ದಾರೆ. ಹಿಂದೆ ಇನ್ನೂ ಒಬ್ಬರು ಉಳಿದಿದ್ದಾರಂತೆ.