ಬತ್ತಿದ ಬಾವಿಯ ಮಸೂದೆ

"ಗುರುಗಳೇ, ಒಳ್ಳೆಯ ಕಾನೂನು ಮಾಡಲು ಇಷ್ಟೊಂದು ಜಗಳ ಏಕೆ? ತಿಳಿದವರೊಬ್ಬರು ಬರೆದರೆ ಸಾಲದೆ? ಅಡ್ಡ ಬಾಯಿ ಹಾಕುವವರಿಗೂ ಶಾಸನಸಭೆಯಲ್ಲಿ ಜಾಗ ಕೊಟ್ಟಿದ್ದಾರಲ್ಲ!" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ನಾಡಿನಲ್ಲಿ ತುಂಗವ್ವ ಎಂಬ ಮಂತ್ರಿ ಇದ್ದಳು. ಹೊಳೆದಂಡೆಯ ಊರಿನವಳು. ಆ ನಾಡಿನಲ್ಲಿ ಕಟ್ಟೆಯಿಲ್ಲದ ಹಾಳು ಬಾವಿಗಳು ಬಹಳ. ಆಡುವ ಮಕ್ಕಳು ಅವುಗಳಲ್ಲಿ ಬೀಳುತ್ತಿದ್ದರು. ಮಗುವನ್ನು ಕಳೆದುಕೊಂಡ ಒಬ್ಬ ತಾಯಿ ಬಂದು ಅವಳ ಮುಂದೆ ಅತ್ತಳು. ಅಂದಿನಿಂದ ತುಂಗವ್ವನಿಗೆ ಊಟ ಸೇರಲಿಲ್ಲ. 'ಬತ್ತಿದ ಬಾವಿಗಳನ್ನೆಲ್ಲ ಮುಚ್ಚತಕ್ಕದ್ದು' ಎಂದು ಮಸೂದೆ ಬರೆಸಿ ಸಭೆಯ ಮುಂದಿಟ್ಟಳು.

ಬಹುಮತ ಅವಳ ಪಕ್ಷದ್ದೇ. ಎಲ್ಲರೂ ಕೈ ಎತ್ತಿದರೆ ಕೆಲಸ ಮುಗಿಯುತ್ತಿತ್ತು.

ಆಗ ವಿರೋಧ ಪಕ್ಷದ ಗುರುನಂಜಪ್ಪ ಎದ್ದ. ಪೇಟೆಯ ವಕೀಲ. ಎದ್ದನೆಂದರೆ ಸುಲಭಕ್ಕೆ ಕೂರುವವನಲ್ಲ. ಮಕ್ಕಳ ಜೀವ ಉಳಿಸುವ ಮಾತಿಗೂ ಈತ ಅಡ್ಡ ಬರುತ್ತಾನಲ್ಲ ಎಂದು ತುಂಗವ್ವನ ಮೈ ಉರಿಯಿತು.

"ಸಭಾಧ್ಯಕ್ಷರೇ, ಬಾವಿ ಬತ್ತಿದೆಯೋ ಇಲ್ಲವೋ ಎಂದು ಯಾವ ತಿಂಗಳಲ್ಲಿ ನೋಡುತ್ತಾರೆ? ಮಂತ್ರಿಗಳು ಹೇಳಲಿ" ಎಂದ.

ಆಳುವ ಪಕ್ಷದವರು ನಕ್ಕರು. ತುಂಗವ್ವ ಖಾರವಾದ ಉತ್ತರ ಕೊಡಲೆಂದೇ ಎದ್ದಳು. ಅಷ್ಟರಲ್ಲಿ ಒಂದು ಮಾತು ನೆನಪಾಯಿತು. ಅವಳ ಊರಿನ ಬಾವಿಗಳಿಗೆ ಬೇಸಿಗೆಯೂ ಒಂದೇ, ಮಳೆಗಾಲವೂ ಒಂದೇ. ಆದರೆ ವೋಟು ಕೇಳಲು ಬಯಲುಸೀಮೆಗೆ ಹೋದಾಗ ಅಲ್ಲಿಯ ಹೆಂಗಸೊಬ್ಬಳು ಮಜ್ಜಿಗೆ ಕೊಟ್ಟು, "ನೀರಿಲ್ಲ ಯವ್ವಾ, ಇದನ್ನೇ ಕುಡಿ. ನಮ್ಮ ಬಾವಿ ಬಿಸಿಲಿಗೆ ಒಣಗುತ್ತೆ, ಮಳೆ ಬಿದ್ದರೆ ತುಂಬುತ್ತೆ" ಎಂದಿದ್ದಳು. ಬೇಸಿಗೆಯಲ್ಲಿ ಒಬ್ಬ ಅಧಿಕಾರಿ ಈ ಕಾನೂನು ಹಿಡಿದು ಆ ಸೀಮೆಗೆ ಹೋದರೆ ಒಂದು ಬಾವಿಯೂ ಉಳಿಯದು ಎಂದು ಅವಳಿಗೆ ಹೊಳೆಯಿತು.

"ಸಭಾಧ್ಯಕ್ಷರೇ, ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಮಸೂದೆ ಸಮಿತಿಗೆ ಹೋಗಲಿ" ಎಂದಳು.

ಅವಳ ಪಕ್ಷದವನೊಬ್ಬ ಹಿಂದಿನಿಂದ ಪಿಸುಗುಟ್ಟಿದ: "ಅಕ್ಕಾ, ಬಹುಮತ ನಮ್ಮದು. ಹಿಂದೆ ಸರಿದರೆ ಜನ ನಗುತ್ತಾರೆ."

"ನಗಲಿ ಬಿಡಪ್ಪ. ನೀರಿಲ್ಲದೆ ಅಳುವುದಕ್ಕಿಂತ ಅದು ವಾಸಿ."

ಸಮಿತಿಯಲ್ಲಿ ಎರಡೂ ಪಕ್ಷದವರು ಕೂತರು. ಬಯಲುಸೀಮೆಯವರನ್ನೂ ಹೊಳೆದಂಡೆಯವರನ್ನೂ ಕರೆಸಿ ಕೇಳಿದರು. ಒಂದೊಂದು ಪದಕ್ಕೂ ಜಗಳ. 'ಬತ್ತಿದ' ಎಂದರೇನು ಎಂದು ವಾದಿಸುವಷ್ಟರಲ್ಲಿ ತಂದಿಟ್ಟ ಚಹಾ ತಣ್ಣಗಾಗುತ್ತಿತ್ತು. ಕೊನೆಗೆ ಮಸೂದೆ ಬದಲಾಯಿತು. ಒಳ್ಳೆಯ ಮಳೆಯಾದರೂ ನೀರು ಕಾಣದ ಬಾವಿಯನ್ನು ಮಾತ್ರ ಮುಚ್ಚಬೇಕು, ಉಳಿದ ಬಾವಿಗಳಿಗೆ ಸರ್ಕಾರವೇ ಕಟ್ಟೆ ಕಟ್ಟಿಸಬೇಕು ಎಂದಾಯಿತು. ಸಭೆ ಒಪ್ಪಿತು. ಗುರುನಂಜಪ್ಪನೂ ಗೊಣಗುತ್ತಲೇ ಕೈ ಎತ್ತಿದ. ರಾಜ್ಯಪಾಲರ ಅಂಕಿತ ಬಿದ್ದು ಕಾನೂನಾಯಿತು.

ಮುಂದಿನ ಮಳೆಗಾಲದಲ್ಲಿ ಬಯಲುಸೀಮೆಯ ಒಂದು ಊರಿನವರು ಗಂಗೆಪೂಜೆಗೆ ತುಂಗವ್ವ, ಗುರುನಂಜಪ್ಪ ಇಬ್ಬರನ್ನೂ ಕರೆದರು. ಹಳೆಯ ಬಾವಿಯಲ್ಲಿ ನೀರು ಏರಿತ್ತು. ಸುತ್ತ ಹೊಸ ಕಟ್ಟೆ. ಮಕ್ಕಳು ಕಟ್ಟೆಗೆ ಗದ್ದ ಊರಿ ತಮ್ಮ ತಮ್ಮ ಹೆಸರು ಕೂಗುತ್ತಿದ್ದರು. ಬಾವಿ ಮರುಕೂಗು ಕೊಡುತ್ತಿತ್ತು.

ತುಂಗವ್ವನ ಕಣ್ಣು ತುಂಬಿತು. "ನಿಮ್ಮ ಆ ಪ್ರಶ್ನೆಯಿಂದ ಈ ಬಾವಿ ಉಳಿಯಿತು, ಗುರುನಂಜಪ್ಪನವರೇ" ಎಂದಳು.

ಅವನು ತಲೆ ಕೆರೆದುಕೊಂಡ. "ನಿಜ ಹೇಳಲೇ ತಾಯಿ? ನಾನು ನಲ್ಲಿ ನೀರು ಕುಡಿದು ಬೆಳೆದವನು. ಬಾವಿಯ ಸಂಗತಿ ನನಗೇನು ಗೊತ್ತು? ಅಂದು ನಿಮ್ಮನ್ನು ಹೇಗಾದರೂ ತಡೆಯಬೇಕಿತ್ತು. ಬಾಯಿಗೆ ಬಂದದ್ದು ಕೇಳಿದೆ!"

ತುಂಗವ್ವ ಕಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ಏಕೆಂದು ತಿಳಿಯದೆ ಮಕ್ಕಳೂ ನಕ್ಕರು. ಬಾವಿಯೂ ನಕ್ಕಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೈಮುಗಿದು, "ನಿಜ ಗುರುಗಳೇ. ತಾವು ಹೇಳುವುದು ಯಾವಾಗಲೂ ಸರಿಯೇ" ಎಂದ.

"ಇಷ್ಟು ವರ್ಷ ನನ್ನ ಬಳಿ ಇದ್ದೀಯೆ ಮಗು, ಒಮ್ಮೆಯಾದರೂ ನನ್ನನ್ನು ತಡೆದು ಕೇಳಿದ್ದೀಯಾ?" ಎಂದರು ಗುರುಗಳು.