ಪಾಪಣ್ಣ ಕುದುರೆಯ ಹುಳ ಬಿಡಿಸಿದ್ದು

ಮೊದಲೇ ಹೇಳಿಬಿಡ್ತೀನಿ, ಪಾಪಣ್ಣನ ಕತೆ ಕೇಳಿದರೆ ನೀವು ನಗ್ತೀರಿ. ನಗಿ, ಬೇಡ ಅನ್ನಲ್ಲ. ಆದರೆ ಅವನ ಅವ್ವ ದೊಡ್ಡತಾಯಮ್ಮ ಮಾತ್ರ ಒಂದು ಸಲವೂ ನಗಲಿಲ್ಲ. ಆಕೆಗೆ ಭಯ. ಎದ್ದರೆ ಭಯ, ಕೂತರೆ ಭಯ.

ಪಾಪಣ್ಣ ಹೆಸರಿಗಷ್ಟೇ ಪಾಪು, ಆಳು ನಿಂತರೆ ಬಾಗಿಲು ತುಂಬ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ಬರಬೇಕಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದೇ ಅವನ ರೋಗ. ಮನೆಯಲ್ಲಿ ಇವರಿಬ್ಬರು, ಒಂದು ಜಟಕಾ, ಅದನ್ನೆಳೆಯುವ ಹೆಣ್ಣುಕುದುರೆ ಚೆನ್ನಿ. ಚೆನ್ನಿ ನಡೆದರೆ ಮನೆಯ ಒಲೆ ಉರಿಯುತ್ತಿತ್ತು.

ಚೆನ್ನಿಗೆ ಮುಂಚೆ ಇದ್ದ ಕುದುರೆ ಹೊಟ್ಟೆಹುಳದಿಂದಲೇ ಸತ್ತಿತ್ತು. ಹೊಟ್ಟೆ ಉಬ್ಬಿ, ಹೊರಳಿ ಹೊರಳಿ ಸತ್ತದ್ದನ್ನು ದೊಡ್ಡತಾಯಮ್ಮ ಕಣ್ಣಾರೆ ಕಂಡಿದ್ದಳು. ಈಗ ಚೆನ್ನಿಯೂ ಬಾಲದ ಬುಡವನ್ನು ಗೋಡೆಗೆ ಉಜ್ಜತೊಡಗಿದಳು. ಮೈಯ ಹೊಳಪು ಹೋಯಿತು. ಒಂದು ಬೆಳಿಗ್ಗೆ ನೋಡಿದರೆ ಲದ್ದಿಯಲ್ಲಿ ಬಿಳೀ ಹುಳ ಹರಿದಾಡುತ್ತಿವೆ.

ಪಾಪಣ್ಣ ಕುದುರೆಯ ಹೊಟ್ಟೆಗೆ ಕಿವಿ ಇಟ್ಟ. ಒಳಗೆ ಗುಡುಗುಡು ಅಂತು.

"ಅವ್ವಾ! ಒಳಗಡೆ ಮಾತಾಡ್ತಾ ಅವೆ!" ಅಂತ ಕಿರುಚಿ ಬೀದಿಗೋಡಿದ.

ಆಕೆ ಹಿಡಿದು ತಂದು ಕೂರಿಸಿದಳು. "ಕೇಳು ಮಗಾ. ಹುಳದ ಮೊಟ್ಟೆ ಲದ್ದೀಲಿ ಇರ್ತವೆ. ಲದ್ದಿಯಿಂದ ಹುಲ್ಲಿಗೆ, ಹುಲ್ಲಿಂದ ಮತ್ತೆ ಹೊಟ್ಟೆಗೆ. ಲದ್ದಿ ಬಿದ್ದ ಗಳಿಗೇಲೇ ಎತ್ತಿ ನಮ್ಮ ತಿಪ್ಪೆಗೆ ಹಾಕು, ಕಾವಿಗೆ ಸಾಯ್ತವೆ. ಎಲ್ಲೂ ಬಿಡಬ್ಯಾಡ!"

"ಆಯ್ತು ಕಣವ್ವಾ!"

ಅವತ್ತು ಪಟೇಲರ ಸೊಸೆ ತವರಿಗೆ ಹೊರಟಿದ್ದಳು, ರೈಲು ಹಿಡಿಯಬೇಕು. ಜಟಕಾ ಊರ ಮುಂದಿನ ಹುಣಸೆಮರ ದಾಟಿತು, ಚೆನ್ನಿ ಲದ್ದಿ ಹಾಕಿದಳು. ಪಾಪಣ್ಣ ಇಳಿದ, ಟವೆಲ್ಲಿಗೆ ತುಂಬಿಕೊಂಡ, ಜಟಕಾ ತಿರುಗಿಸಿದ, ತಿಪ್ಪೆಗೆ ಹಾಕಿ ಬಂದ. ಮತ್ತೆ ಹೊರಟರು. ಕೆರೆ ಏರಿಯ ಮೇಲೆ ಚೆನ್ನಿ ಮತ್ತೆ ಹಾಕಿದಳು. ಮತ್ತೆ ಇಳಿದ, ಮತ್ತೆ ತುಂಬಿಕೊಂಡ, ಮತ್ತೆ ತಿರುಗಿಸಿದ.

"ಅಯ್ಯೋ, ರೈಲು ಹೋಯ್ತದೆ ಕಣೋ!"

"ಹೋಗ್ಲಿ ಬುಡಿ ಅಮ್ಮಾರೇ, ಹುಳ ಬರ್ತವೆ!"

ರೈಲು ಹೋಯಿತು. ಪಟೇಲರು ಮನೆ ಬಾಗಿಲಿಗೆ ಬಂದು ಕೂಗಾಡಿ ಹೋದರು. ದೊಡ್ಡತಾಯಮ್ಮ ಹಣೆ ಚಚ್ಚಿಕೊಂಡಳು. "ನನ್ನ ಕರ್ಮವೇ! ನಾನು ಹುಲ್ಲಲ್ಲಿ ಬಿದ್ದದ್ದು ಎತ್ತು ಅಂದೆನೋ, ದಾರೀಲಿ ಬಿದ್ದದ್ದು ಅಂದೆನೋ? ದಾರೀಲಿ ಬಿದ್ದದ್ದನ್ನ ಬಿಟ್ಟು ಮುಂದಕ್ಕೆ ನಡೀಬೇಕು! ತಿರುಗಿ ನೋಡಬಾರದು!"

"ಆಯ್ತು ಕಣವ್ವಾ!"

ಮಾರನೆಯ ದಿನ ಚೆನ್ನಿ ಮೇವು ಮುಟ್ಟಲಿಲ್ಲ. "ಪ್ಯಾಟೆಗೆ ಓಡು ಮಗಾ, ದನದ ಡಾಕ್ಟ್ರ ಹತ್ರ ಹುಳದ ಔಷಧಿ ಇಸ್ಕೊಂಡು ಬಾ!" ಡಾಕ್ಟ್ರು ಕುದುರೆ ಎಷ್ಟೆತ್ತರ, ಎಷ್ಟು ದಪ್ಪ ಅಂತ ಕೇಳಿದರು. ಅಳೆದು ತೂಗಿ ಔಷಧಿಯನ್ನು ಬೆಲ್ಲದುಂಡೆಯೊಳಗೆ ಇಟ್ಟುಕೊಟ್ಟರು. ಬರುವಾಗ ಉಂಡೆ ಜೇಬಿನಿಂದ ಜಾರಿ ದಾರಿಗೆ ಬಿತ್ತು. ಬಿದ್ದದ್ದನ್ನು ಪಾಪಣ್ಣ ಕಂಡ. ಕಂಡು ಮುಂದಕ್ಕೆ ನಡೆದ, ತಿರುಗಿಯೂ ನೋಡಲಿಲ್ಲ.

"ಔಷಧಿ ಎಲ್ಲೋ?"

"ದಾರೀಲಿ ಬಿತ್ತು ಕಣವ್ವಾ, ನೀನು ಹೇಳ್ದಂಗೇ ಬಿಟ್ಟು ಬಂದೆ!"

"ಅಯ್ಯೋ ಹೆಡ್ಡ ಮುಂಡೇದೆ! ಔಷಧೀನ ಯಾರಾದ್ರೂ ಬಿಡ್ತಾರೇನೋ? ಮತ್ತೆ ಓಡು! ಎರಡೂ ಕೈಲಿ ಎದೆಗೆ ಅವಚ್ಕೊಂಡು ಬಾ! ಯಾರು ಕೇಳಿದ್ರೂ ಕೊಡಬ್ಯಾಡ! ದೇವರೇ ಕೇಳಿದ್ರೂ ಕೊಡಬ್ಯಾಡ!"

"ಆಯ್ತು ಕಣವ್ವಾ!"

ಮತ್ತೆ ಓಡಿದ. ಅಷ್ಟರಲ್ಲಿ ಚೆನ್ನಿ ನೆಲಕ್ಕೆ ಬಿದ್ದಳು. ಕಾಲು ಝಾಡಿಸಿದಳು, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಳು. ಹಿಂದಿನ ಕುದುರೆಯೂ ಹೀಗೇ ಮಾಡಿತ್ತು. ದೊಡ್ಡತಾಯಮ್ಮ ಚೆನ್ನಿಯ ಕುತ್ತಿಗೆ ತಬ್ಬಿಕೊಂಡು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಪಾಪಣ್ಣ ಏದುಸಿರು ಬಿಡುತ್ತಾ ಬಂದ, ಉಂಡೆ ಎದೆಗೆ ಅವಚಿಕೊಂಡೇ ಬಂದ.

"ಬಂದ್ಯಾ ನನ್ನಪ್ಪಾ! ಕೊಡು!"

"ಊಹೂಂ."

"ಕೊಡೋ!"

"ಯಾರು ಕೇಳಿದ್ರೂ ಕೊಡಬ್ಯಾಡ ಅಂದಿದ್ದೀಯಾ!"

ಆಕೆ ಅಟ್ಟಿಸಿಕೊಂಡು ಹೋದಳು, ಅವನು ಜಟಕಾ ಸುತ್ತ ಓಡಿದ. ಈ ಕಡೆ ಚೆನ್ನಿ ನರಳುತ್ತಿದ್ದಾಳೆ, ಆ ಕಡೆ ಅವ್ವ ಮಗ ಸುತ್ತುತ್ತಿದ್ದಾರೆ. ನನಗೇ ಹೇಳಲು ಸಂಕಟ ಆಗ್ತದೆ, ಆ ತಾಯಿಗೆ ಹೇಗಾಗಿರಬೇಡ! ಕೊನೆಗೆ ಆಕೆ ಕುಸಿದು ಕೂತು ಕೈಮುಗಿದಳು.

"ಕೊಡಬ್ಯಾಡ ಕಣಪ್ಪಾ! ಕೈಯಲ್ಲೇ ಇಟ್ಕೋ! ಆ ಕೈಯನ್ನೇ ಅವಳ ಬಾಯೊಳಕ್ಕೆ ಇಡು!"

"ಆಯ್ತು ಕಣವ್ವಾ!"

ಇಟ್ಟ. ಬೆಲ್ಲದ ವಾಸನೆಗೆ ಚೆನ್ನಿ ಕರುಮ್ ಅಂತ ಕಚ್ಚಿದಳು. ಉಂಡೆ ಒಳಗೆ ಹೋಯಿತು, ಪಾಪಣ್ಣನ ಬೆರಳು ಬದನೆಕಾಯಿ ಹಾಗೆ ಊದಿಕೊಂಡಿತು.

ಮರುದಿನ ಲದ್ದಿಯಲ್ಲಿ ಸತ್ತ ಹುಳದ ರಾಶಿ. ಚೆನ್ನಿ ಎದ್ದು ನಿಂತು ಮೇವಿಗೆ ಕೆನೆದಳು. ದೊಡ್ಡತಾಯಮ್ಮ ಸೆರಗು ಬಾಯಿಗಿಟ್ಟು ಅತ್ತಳು. ಆದರೂ ಭಯ ಬಿಡಬೇಕಲ್ಲ! ಹಿತ್ತಲಿನ ಹಳೇ ಹುಲ್ಲಲ್ಲಿ ಮೊಟ್ಟೆಗಳು ಹಾಗೇ ಇವೆ.

"ಮಗಾ, ನಾನು ಪಟೇಲರ ಕಾಲಿಗೆ ಬಿದ್ದು ಬರ್ತೀನಿ. ಅಷ್ಟರಲ್ಲಿ ಇವಳಿಗೆ ಹುಲ್ಲು ಹಾಕು. ಹಿತ್ತಲ ಹುಲ್ಲು ಬ್ಯಾಡ! ಯಾವ ಕುದುರೇನೂ ಕಾಲಿಡದ, ಯಾವ ಕುದುರೆ ಲದ್ದೀನೂ ಬೀಳದ ಜಾಗದ ಹುಲ್ಲು ನೋಡಿ ಹಾಕು!"

"ಆಯ್ತು ಕಣವ್ವಾ!"

ಪಾಪಣ್ಣ ಹುಡುಕಿದ. ಕೆರೆ ಏರಿ ನೋಡಿದ, ಅಲ್ಲಿ ಗೊರಸಿನ ಗುರುತು. ಗೋಮಾಳ ನೋಡಿದ, ಅಲ್ಲಿ ಪಟೇಲರ ಕುದುರೆಯ ಲದ್ದಿ. ಸೋತು ಬಂದು ಜಗಲಿಯಲ್ಲಿ ಕೂತ. ತಲೆ ಎತ್ತಿದ.

ಪಟೇಲರ ಮನೆಯಿಂದ ಬರುತ್ತಾ ದೊಡ್ಡತಾಯಮ್ಮ ಬೀದಿಯ ಕೊನೆಯಲ್ಲೇ ನಿಂತುಬಿಟ್ಟಳು. ತನ್ನ ಮನೆಗೆ ಸೂರೇ ಇಲ್ಲ! ಬರೀ ಬೊಂಬು ಕಾಣುತ್ತಿದೆ! ಬೆಂಕಿ ಬಿತ್ತೇ? ಮಗನೆಲ್ಲಿ? ಚೆನ್ನಿಯೆಲ್ಲಿ? ಎದ್ದು ಬಿದ್ದು ಓಡಿ ಬಂದಳು.

ಅಂಗಳದಲ್ಲಿ ಹುಲ್ಲಿನ ಬಣವೆ. ಆ ಸುಗ್ಗಿಯಲ್ಲಷ್ಟೇ ಹೊದಿಸಿದ್ದ ಸೂರಿನ ಹುಲ್ಲು. ಚೆನ್ನಿ ನಿಶ್ಚಿಂತೆಯಿಂದ ಮೇಯುತ್ತಿದ್ದಾಳೆ. ಬೊಂಬಿನ ಮೇಲೆ ಕೂತ ಪಾಪಣ್ಣ ಕೂಗಿದ. "ಹೆದರಬ್ಯಾಡ ಕಣವ್ವಾ! ಮೂಲೆ ಮೂಲೆ ನೋಡಿದೀನಿ! ಇಲ್ಲಿಗೆ ಒಂದು ಕುದುರೇನೂ ಹತ್ತಿಲ್ಲ!"

ದೊಡ್ಡತಾಯಮ್ಮ ಬೈಯಲು ಬಾಯಿ ತೆರೆದಳು. ತೆರೆದವಳಿಗೆ ದಿಗಿಲಾಯಿತು. ಈಗ ಏನಂದರೂ ನಾಳೆ ಅದನ್ನೇ ಮಾಡ್ತಾನೆ! ಎರಡೂ ಕೈಯಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಳು.

ಪಾಪಣ್ಣ ಅವ್ವನನ್ನೇ ನೋಡಿದ. ಬೊಂಬಿನಿಂದ ಧುಮುಕಿದ, ಓಡಿ ಹೋಗಿ ಎರಡೂ ಕೈಯಿಂದ ಚೆನ್ನಿಯ ಬಾಯಿ ಗಟ್ಟಿಯಾಗಿ ಮುಚ್ಚಿ ಹಿಡಿದ.

"ಆಯ್ತು ಕಣವ್ವಾ!"