ಬಾಗಿಲಲ್ಲಿ ಬಿಟ್ಟ ಭಯ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅಲ್ಲಿಗೆ ಹೋಗುತ್ತೀರಿ, ಹೋದರೆ ಅಲ್ಲಿನ ಕತೆಗಾರನೇ ಚೆನ್ನಾಗಿ ಹೇಳುತ್ತಾನೆ ಅನ್ನುತ್ತೀರಿ. ನಿಮ್ಮ ಬುದ್ಧಿ ನನಗೆ ಗೊತ್ತು.

ರಾಜನ ಹೆಸರು ಉದ್ದಂಡರಾಯ. ಅವನಿಗೆ ರಾಜ್ಯ ಬೇಡ, ಖಜಾನೆ ಬೇಡ. ಬೇಕಾದದ್ದು ಒಂದೇ, 'ವನ್ಸ್ ಮೋರ್'. ನಾಟಕದಲ್ಲಿ ಹಾಡು ಮುಗಿದಾಗ ಇನ್ನೊಂದು ಸಲ ಹಾಡು ಅಂತ ಜನ ಕೂಗುತ್ತಾರಲ್ಲ, ಅದು. ಊರಿನ ಎಲ್ಲ ನಾಟಕದಲ್ಲೂ ರಾಜನ ಪಾತ್ರ ರಾಜನದ್ದೇ. ಅವನು ಹಾಡಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು, ಮುಗಿಯಿತಲ್ಲ ಅಂತ. ವನ್ಸ್ ಮೋರ್ ಅಂತ ಮಾತ್ರ ಒಬ್ಬನೂ ಅನ್ನಲಿಲ್ಲ.

ಅದಕ್ಕೇ ಬೇರೆಯವರು ಹಾಡಿದರೆ ಅವನಿಗೆ ಹೊಟ್ಟೆಕಿಚ್ಚು. ಮಾತಿನ ಕಿಚ್ಚಲ್ಲ, ನಿಜವಾದ ಕಿಚ್ಚು. ಅಡುಗೆಯ ಸಾವಂತ್ರವ್ವ ಅವನ ಹೊಟ್ಟೆಯ ಮೇಲೆ ಹಂಚು ಇಟ್ಟು ಅರಮನೆಗೆಲ್ಲ ಜೋಳದ ರೊಟ್ಟಿ ಬೇಯಿಸುತ್ತಿದ್ದಳು. ಉರಿ ಕಡಿಮೆಯಾದರೆ, "ಮೂಲಿಮನಿ ಶಂಕ್ರ್ಯಾ ನಿನ್ನೆ ಭಾಳ ಚಲೋ ಹಾಡಿದನಂತ್ರಿ" ಅನ್ನುವಳು. ಉರಿ ಏಳುವುದು, ರೊಟ್ಟಿ ಉಬ್ಬುವುದು.

ಅದೇ ಊರಲ್ಲಿ ಪೇಟಿ ಮಾಸ್ತರ್ ಮೌನೇಶಪ್ಪ ಇದ್ದರು. ಎಂದೂ ರಂಗ ಹತ್ತದವರನ್ನು ಕೂರಿಸಿಕೊಂಡು, ಹಾರ್ಮೋನಿಯಂ ಪೇಟಿ ಬಾರಿಸುತ್ತ ನಾಟಕದ ಹಾಡು ಕಲಿಸುವುದು ಅವರ ಕೆಲಸ. ಅವರ ಶಿಷ್ಯೆ ಹುಲಿಗೆವ್ವ. ಹೆಸರಿನಲ್ಲಿ ಹುಲಿ, ಗಂಟಲಿನಲ್ಲಿ ಇಲಿ. ಹಾಡುವ ಆಸೆ ಬೆಟ್ಟದಷ್ಟು, ಹಾಡು ಮಾತ್ರ ಹಲ್ಲಿನ ತನಕ ಬಂದು, ಇಣುಕಿ ನೋಡಿ, ಒಳಗೆ ಹೋಗಿಬಿಡುತ್ತಿತ್ತು. ಹುಣ್ಣಿಮೆಯ ನಾಟಕದಲ್ಲಿ ನಾಯಕಿಯ ಹಾಡು ಅವಳದ್ದು. ಅವಳು ಹಾಡದಿದ್ದರೆ ಆ ಹಾಡನ್ನೂ ತಾನೇ ಹಾಡುವೆನೆಂದೂ, ಮಾಸ್ತರರ ಪೇಟಿಯನ್ನು ಜೋಳದ ಹಿಟ್ಟಿನ ಡಬ್ಬಿ ಮಾಡುವೆನೆಂದೂ ರಾಜ ಡಂಗುರ ಹೊಡೆಸಿದ.

ಮಾಸ್ತರರು ಹೇಳಿದರು, "ಭಯಾ ಬಿಟ್ಟು ಹಾಡವಾ."

"ಎಲ್ಲಿ ಬಿಡ್ಲಿರಿ, ಮಾಸ್ತರ?"

"ಚಪ್ಪಲಿ ಎಲ್ಲಿ ಬಿಟ್ಟಿ?"

"ಬಾಗಲದಾಗರಿ."

"ಅಲ್ಲೇ ಬಿಟ್ಟು ಬಾ."

ಹುಲಿಗೆವ್ವ ಹೇಳಿದ ಮಾತು ಕೇಳುವ ಹುಡುಗಿ. ಹೋಗಿ ಬಿಟ್ಟು ಬಂದಳು. ಭಯವೂ ಚಪ್ಪಲಿಯ ಹಾಗೆ ಜೋಡಿಯಲ್ಲೇ ಇತ್ತು. ಎಡಗಾಲಿನದು ಹಾಡು ತಪ್ಪಿದರೆ ಅನ್ನುವ ಭಯ, ಬಲಗಾಲಿನದು ಮಂದಿ ನಕ್ಕರೆ ಅನ್ನುವ ಭಯ. ಎರಡೂ ನೆನೆದ ಬೆಕ್ಕಿನ ಮರಿಗಳಂತೆ ಹೊಸ್ತಿಲ ಹೊರಗೆ ಕೂತು, "ಲಗೂ ಬಾರವಾ" ಅಂದವು.

ಒಳಗೆ ಹುಲಿಗೆವ್ವ ಬಾಯಿ ತೆರೆದಳು. ಹಾಡು ಹಲ್ಲು ದಾಟಿತು, ತುಟಿ ದಾಟಿತು, ಕಿಟಕಿ ದಾಟಿ ಅರಮನೆಗೂ ಹೋಯಿತು.

ಅರಮನೆಯಲ್ಲಿ ರೊಟ್ಟಿ ಸೀದು ಕರಿಯಾಯಿತು. "ಉರಿ ಭಾಳಾತ್ರಿ ಮಾರಾಜ್ರ" ಅಂದಳು ಸಾವಂತ್ರವ್ವ. ರಾಜ ಹಂಚು ತೆಗೆದಿಟ್ಟು ಓಡಿಬಂದ. ಮಾಸ್ತರರ ಬಾಗಿಲಲ್ಲಿ ಜೋಡಿ ಭಯ ಕಂಡಿತು. ಅದು ಏನು, ಎತ್ತ ಅಂತ ಅವನು ಕೇಳಲಿಲ್ಲ. ಹೊಟ್ಟೆಕಿಚ್ಚಿನವರಿಗೆ ವಸ್ತು ಮುಖ್ಯವಲ್ಲ, ಅದು ಇನ್ನೊಬ್ಬರದ್ದು ಅನ್ನುವುದು ಮುಖ್ಯ. ಮೆಟ್ಟಿಕೊಂಡು ನಡೆದೇಬಿಟ್ಟ.

ಮದುವೆಮನೆಯ ಬಾಗಿಲು ನೋಡಿದ್ದೀರಲ್ಲ? ಒಂದು ಜೋಡಿ ಹೋದರೆ ಇನ್ನೊಂದು ಉಳಿಯಬೇಕು. ರಾಜನ ಹೊಟ್ಟೆಕಿಚ್ಚು ಅಲ್ಲೇ ಉಳಿಯಿತು. ಹುಲಿಗೆವ್ವ ಹೊರಗೆ ಬಂದು, ನೋಡದೆ ಅದನ್ನೇ ಮೆಟ್ಟಿಕೊಂಡು ಮನೆಗೆ ಹೋದಳು. ಅಂದಿನಿಂದ ಅರಮನೆಯ ಹಂಚು ತಣ್ಣಗೆ. ಮಂತ್ರಿಗಳು ಹಸಿ ಹಿಟ್ಟು ನೆಕ್ಕಿದರು.

ಹುಣ್ಣಿಮೆ ಬಂತು. ಪರದೆ ಎದ್ದಿತು. ಕಿರೀಟ ಹಾಕಿಕೊಂಡು ರಾಜ ನಿಂತ, ಬಾಯಿ ತೆರೆದ, ಹಾಡು ಹಲ್ಲಿನ ತನಕ ಬಂದು ಒಳಗೆ ಹೋಯಿತು. ಮೊಣಕಾಲು ಗಡಗಡ ನಡುಗಿದವು. ಜನ ಹಾಡು ಮರೆತು ಮೊಣಕಾಲನ್ನೇ ನೋಡಿದರು. ಅವನನ್ನು ಅಷ್ಟು ಪ್ರೀತಿಯಿಂದ ಅವರು ಎಂದೂ ನೋಡಿರಲಿಲ್ಲ.

ಪರದೆಯ ಸಂದಿಯಲ್ಲಿ ಹುಲಿಗೆವ್ವನ ಹೊಟ್ಟೆಯಲ್ಲಿ ರಾಜನ ಕಿಚ್ಚು ಚುರ್ ಅಂದಿತು.

"ಆ ನಡುಕ ನಂದು ಮಾಸ್ತರ. ಸಣ್ಣಾಕಿ ಇದ್ದಾಗಿಂದ ಸಾಕೇನಿ. ಅದನ್ನ ಮೆಟ್ಟಿಕೊಂಡು ಮಂದಿ ಕಡಿಂದ ನೋಡಿಸಿಕೊಳ್ಳಾಕ ಹತ್ಯಾನ."

"ಹಂಗಾರ ನೀ ಹಾಡು" ಅಂದರು ಮಾಸ್ತರರು.

ಅವಳು ರಂಗಕ್ಕೆ ನುಗ್ಗಿ ಹಾಡಿದಳು. ಹಾಡು ಮುಗಿದಾಗ ಕೆಮ್ಮುವವರೂ ಕೆಮ್ಮಲಿಲ್ಲ. ಆ ನಿಶ್ಶಬ್ದದಲ್ಲಿ ರಾಜನ ಕಾಲಬುಡದಿಂದ ಎರಡು ಸಣ್ಣ ದನಿ ಎದ್ದವು. ಅವತ್ತು ಬಾಗಿಲ ಹೊರಗೇ ಕಾದಿದ್ದ ಭಯಗಳು ಅವಳ ಹಾಡನ್ನು ಎದುರಿಗೆ ಕೂತು ಕೇಳಿದ್ದು ಅದೇ ಮೊದಲು.

ಎಡದ್ದು "ವನ್ಸ್" ಅಂದಿತು. ಬಲದ್ದು "ಮೋರ್" ಅಂದಿತು.

ಜನರೆಲ್ಲ ಅದನ್ನೇ ಕೂಗಿದರು. ಹುಲಿಗೆವ್ವನಿಗೆ ತನ್ನ ಮೊದಲನೇ ಹಾಡಿನ ಮೇಲೇ ಹೊಟ್ಟೆಕಿಚ್ಚಾಗಿ ಎರಡನೇ ಸಲ ಹಾಡಿದಳು. ಎರಡನೆಯದರ ಮೇಲೆ ಹೊಟ್ಟೆಕಿಚ್ಚಾಗಿ ಮೂರನೇ ಸಲ ಹಾಡಿದಳು. ಕೊನೆಗೆ ಪೇಟಿಯೇ, "ಸಾಕವಾ, ದಮ್ಮು ಹತ್ತೈತಿ" ಅಂದಿತು.

ರಾಜ ಮೆಲ್ಲಗೆ ಭಯ ಕಳಚಿ ಅವಳ ಮುಂದೆ ಇಟ್ಟ. "ಇದು ನನಗ ಕಚ್ಚತೈತಿ, ತಂಗಿ. ತಗೋ."

ಹುಲಿಗೆವ್ವ ಮಾಸ್ತರರ ಮುಖ ನೋಡಿದಳು. "ಬ್ಯಾಡ ಅನ್ನಲೇನ್ರಿ?"

"ಬಿಟ್ಟು ಹಾಡು ಅಂದಿದ್ದೆ, ಕಳಕೋ ಅಂದಿದ್ದಿಲ್ಲ. ಮನಿಗೆ ಬರಿಗಾಲಿಲೆ ಹೋಗ್ತಿಯೇನು?"

ಅವಳು ಕಿಚ್ಚನ್ನು ಕಳಚಿಟ್ಟು ಎರಡೂ ಭಯಗಳನ್ನು ಮೆಟ್ಟಿಕೊಂಡಳು. ಕಿಚ್ಚನ್ನು ಸಾವಂತ್ರವ್ವ ಇಕ್ಕಳದಲ್ಲಿ ಹಿಡಿದು ರಾಜನ ಹೊಟ್ಟೆಗೆ ತಿರುಗಿ ಹಾಕಿದಳು. ಮಂತ್ರಿಗಳು ಬಿಸಿ ರೊಟ್ಟಿ ತಿಂದರು.

ಇದರ ನೀತಿ ಏನು? ಹಾಡಲು ಹೋಗುವಾಗ ಭಯವನ್ನು ಬಾಗಿಲಲ್ಲಿ ಬಿಡಿ. ಆದರೆ ಎಡದ್ದು ಒಂದು ಕಡೆ, ಬಲದ್ದು ಇನ್ನೊಂದು ಕಡೆ ಬಿಡಿ. ಕಳ್ಳನಿಗೆ ಜೋಡಿ ಸಿಗಬಾರದು.

ಹುಲಿಗೆವ್ವನಿಗೆ ಭಯವೂ ವನ್ಸ್ ಮೋರ್ ಅಂದಿತು. ನಾನು ಇಷ್ಟು ಹೊತ್ತು ಗಂಟಲು ಹರಿದುಕೊಂಡೆ, ನಿಮ್ಮಲ್ಲಿ ಒಬ್ಬರಾದರೂ ಅಂದಿರಾ? ಇರಲಿ. ಸಾವಂತ್ರವ್ವನ ಇಕ್ಕಳದಿಂದ ಅವತ್ತು ಒಂದು ಕಿಡಿ ನನ್ನ ಕಡೆಗೂ ಹಾರಿತ್ತು. ಹಂಚು ತಂದು ನನ್ನ ಹೊಟ್ಟೆಯ ಮೇಲೆ ಇಡಿ. ಎರಡೆರಡು ರೊಟ್ಟಿ ತಿಂದು ಮನೆಗೆ ಹೋಗಿ.